ಡಾಕ್ಟರಮ್ಮನ ಅರ್ಧ ವಾಕ್ಯಗಳು

ಮೊದಲ ದಿನವೇ ಡಾಕ್ಟರಮ್ಮ ನನ್ನಲ್ಲಿ ಏಳೆಂಟು ಸಲ ಕ್ಷಮೆ ಕೇಳಿದರು. ಪ್ರತಿ ಸಲವೂ ನಾನು, ‘ಪರವಾಗಿಲ್ಲ ಮೇಡಂ, ಅದಕ್ಕೇನಂತೆ’ ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದೆ. ಅವರು ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ, ಸರದಿಯಲ್ಲಿ ಕೂತ ರೋಗಿ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವರೇ ಬಿಡಿಸಿ ಹೇಳಿದರು: ‘ಸಾರಿ’ ಎಂದು ದನಿ ಏರಿಸಿದರೆ ಅದು ಕ್ಷಮೆಯಲ್ಲವಂತೆ; ನೀವು ಹೇಳಿದ್ದು ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಅರ್ಥವಂತೆ. ಇಬ್ಬರೂ ನಕ್ಕೆವು. ಅದು ಆ ಒಂದು ಪದದ ವಿಚಿತ್ರ ಎಂದುಕೊಂಡು ನಾನು ಅಲ್ಲಿಗೇ ಬಿಟ್ಟೆ.

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ನಾನು ಹೊನ್ನಾಳಿಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಕಣ್ಣಿನ ಪೊರೆ ತೆಗೆಯುವ ಧರ್ಮಾರ್ಥ ತಂಡವೊಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಒಂದೊಂದು ವಾರ ಶಿಬಿರ ನಡೆಸಲು ಬಂದಿತ್ತು. ಆಪರೇಷನ್ ಮಾಡುವವರು ಇಂಗ್ಲೆಂಡಿನಿಂದ ಆ ಚಳಿಗಾಲದ ಮಟ್ಟಿಗೆ ಬಂದಿದ್ದ, ಐವತ್ತು ದಾಟಿದ ಡಾಕ್ಟರಮ್ಮ. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಬೇಕಾಗಿದ್ದ ನರ್ಸ್ ಕಾಮಾಲೆ ಹಿಡಿದು ಮಲಗಿಬಿಟ್ಟಿದ್ದರು. ನಮ್ಮ ಹೆಡ್‌ಮಾಸ್ಟರು ನನ್ನನ್ನು ಕರೆದು, ‘ನಾಲ್ಕು ವಾರ ಹೋಗಿ ಬರ್ರಿ. ನಿಮ್ಮಷ್ಟು ಗ್ರಾಮರ್ ಬಲ್ಲೋರು ಈ ತಾಲೂಕಿನಾಗೆ ಯಾರದಾರೆ?’ ಎಂದರು.

ಅದು ಮುಖಸ್ತುತಿಯಾದರೂ ಸುಳ್ಳಾಗಿರಲಿಲ್ಲ. ಗ್ರಾಮರ್ ನನಗೆ ಬಾಯಿಪಾಠವಾಗಿತ್ತು. ಆದರೆ ನಾನು ಕಲಿತ ಇಂಗ್ಲಿಷ್ ಎಲ್ಲವೂ ಅಚ್ಚಾದ ಇಂಗ್ಲಿಷ್. ಅದನ್ನು ನನಗೆ ಓದಿ ಹೇಳಿದವರೂ ನನ್ನ ಹಾಗೆಯೇ ಅಚ್ಚಿನಿಂದ ಕಲಿತವರು. ಇಂಗ್ಲಿಷನ್ನೇ ತಾಯಿಮಾತಾಗಿ ಆಡುವವರ ಎದುರು ನಾನು ನಿಂತದ್ದು ಅದೇ ಮೊದಲು.

ಚನ್ನಗಿರಿಯಲ್ಲಿ ಶಾಲೆಯೊಂದರ ಮೂರು ಕೋಣೆಗಳನ್ನು ನಮಗೆ ಬಿಟ್ಟುಕೊಟ್ಟಿದ್ದರು. ಒಂದು ಕೋಣೆಯಲ್ಲಿ ತಪಾಸಣೆ. ಇನ್ನೊಂದರಲ್ಲಿ ಎರಡು ಮೇಜು ಜೋಡಿಸಿ, ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿ ಆಪರೇಷನ್. ಮೂರನೆಯದು ಉದ್ದನೆಯ ಕೋಣೆ. ಅಲ್ಲಿ ಹುಲ್ಲು ತುಂಬಿದ ಹಾಸಿಗೆಗಳ ಮೇಲೆ ರೋಗಿಗಳು ಸಾಲಾಗಿ ಮಲಗುತ್ತಿದ್ದರು. ಆಗ ಪೊರೆ ತೆಗೆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಆಚೀಚೆ ಮರಳಿನ ಚೀಲ ಇಡುತ್ತಿದ್ದರು. ಮಗ್ಗುಲು ಬದಲಿಸಬಾರದು, ಕೆಮ್ಮಬಾರದು, ಗಟ್ಟಿ ಪದಾರ್ಥ ಅಗಿಯಬಾರದು. ಕಣ್ಣಿನ ಹೊಲಿಗೆ ಕೂದಲೆಳೆಯಷ್ಟೇ ಇರುತ್ತದೆ, ದವಡೆ ಆಡಿದರೂ ಅದು ಜಗ್ಗುತ್ತದೆ ಎನ್ನುತ್ತಿದ್ದರು.

ಡಾಕ್ಟರಮ್ಮನ ಬಲಗೈ ಎಂದರೆ ತಂಡದ ಕಾಂಪೌಂಡರು. ದಾವಣಗೆರೆ ಕಡೆಯ ಹಿರಿಯ ಮನುಷ್ಯ. ಸ್ಟೋವಿನ ಮೇಲೆ ಕತ್ತರಿ, ಚಿಮಟ ಕುದಿಸುವುದು, ಕಣ್ಣಿಗೆ ಹನಿ ಹಾಕುವುದು, ಪಟ್ಟಿ ಬದಲಿಸುವುದು ಎಲ್ಲ ಅವರೇ. ಇಂಗ್ಲಿಷ್ ಎಂದರೆ ಸಾಮಾನುಗಳ ಹೆಸರಷ್ಟೇ ಅವರಿಗೆ ಗೊತ್ತು. ನನ್ನ ಕೆಲಸ ಡಾಕ್ಟರಮ್ಮನ ಎಡಕ್ಕೆ ನಿಲ್ಲುವುದು, ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದು. ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ಅವರ ವಾಕ್ಯಗಳನ್ನು ಹಾಗೆಹಾಗೇ ಬರೆದುಕೊಳ್ಳುತ್ತಿದ್ದೆ. ಒಳ್ಳೆಯ ಇಂಗ್ಲಿಷ್ ಪುಕ್ಕಟೆ ಸಿಗುತ್ತಿದೆ ಎಂಬ ಆಸೆ.

ಮೂರನೆಯ ದಿನ ಉಬ್ರಾಣಿಯ ಅಜ್ಜಿಯೊಬ್ಬರಿಗೆ ಆಪರೇಷನ್ ಆಯಿತು. ಸಂಜೆ ರೋಗಿಗಳನ್ನು ನೋಡುತ್ತ ಸುತ್ತು ಹೋದಾಗ ಅಜ್ಜಿಗೆ ಓಕರಿಕೆ. ಪಕ್ಕದಲ್ಲಿ ಕೂತಿದ್ದ ಮಗಳು ಮನೆಯಿಂದ ತಂದ ಬುತ್ತಿ ಬಿಚ್ಚಿದ್ದಳು: ಜೋಳದ ರೊಟ್ಟಿ, ಚಟ್ನಿಪುಡಿ, ಒಂದಿಷ್ಟು ಎಲೆ ಅಡಿಕೆ. ಡಾಕ್ಟರಮ್ಮ ಬುತ್ತಿ ನೋಡಿದರು, ಅಜ್ಜಿಯನ್ನು ನೋಡಿದರು. ‘ಶಿ ಕಾಂಟ್ ಈಟ್ ಎನಿಥಿಂಗ್’ ಎಂದು ನನಗೆ ಹೇಳಿ ಪಕ್ಕದ ಹಾಸಿಗೆಗೆ ನಡೆದರು.

ನಾನು ಮಗಳಿಗೆ ಹೇಳಿದೆ: ‘ನೋಡಮ್ಮ, ಅವರು ಏನೂ ತಿನ್ನಬಾರದಂತೆ.’

‘ಏನೂನಾ?’

‘ಏನೂ.’

‘ನೀರು?’

ಓಕರಿಕೆ ಇದೆಯಲ್ಲ, ಅದಕ್ಕೇ ಈ ಪಥ್ಯ ಎಂದುಕೊಂಡು, ಒಂದೆರಡು ಗುಟುಕು ನೀರು ಕೊಡಬಹುದು ಎಂದು ನಾನೇ ಸೇರಿಸಿದೆ. ಸೇರಿಸುವಾಗ ಉದಾರಿಯಾದೆ ಎಂದೂ ಅನ್ನಿಸಿತು.

ಮರುದಿನ ಹದಿನೇಳು ಆಪರೇಷನ್. ಡಾಕ್ಟರಮ್ಮ ಮೇಜು ಬಿಟ್ಟು ಕದಲಲಿಲ್ಲ, ನಾನೂ ಅಲ್ಲೇ ನಿಂತೆ. ಶಿಬಿರದ ಅಡುಗೆಯವರು ಗಂಜಿ ತಂದಾಗಲೆಲ್ಲ ಮಗಳು ತಟ್ಟೆಗೆ ಕೈ ಅಡ್ಡ ಹಿಡಿದಳಂತೆ: ‘ಬ್ಯಾಡ ರೀ, ಡಾಕ್ಟರಮ್ಮ ಏನೂ ಕೊಡಬ್ಯಾಡ ಅಂದಾರೆ.’ ಹಿಂದೆ ಒಂದು ಕಡೆ ಯಾರೋ ಮಾತು ಮೀರಿ ಕಣ್ಣು ಕೆಡಿಸಿಕೊಂಡ ಕಥೆ ಅವಳು ಕೇಳಿದ್ದಳು. ತಾಯಿಯ ಕಣ್ಣು ಉಳಿಯಲಿ ಎಂದು ತಾನೂ ಉಪವಾಸ ಕೂತಿದ್ದಳು.

ಐದನೆಯ ದಿನ ಬೆಳಿಗ್ಗೆ ನಾನು ಶಾಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಒಳಗಿಂದ ಕೂಗು. ಮಗಳು ನೀರು ತರಲು ಹೋಗಿದ್ದಾಗ ಅಜ್ಜಿ ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಎದ್ದು ನಿಂತಿದ್ದರು. ಎರಡು ಹೆಜ್ಜೆ ಇಟ್ಟು ತಲೆಸುತ್ತಿ ಗೋಡೆಬದಿಯ ಬೆಂಚಿನ ಮೇಲೆ ಬಿದ್ದರು. ಪಟ್ಟಿಯ ಮೇಲೆ ಕೆಂಪು ಮೂಡಿತ್ತು.

ಕಾಂಪೌಂಡರು ಅಜ್ಜಿಯನ್ನು ಹಾಗೇ ಎತ್ತಿ ಒಳಗೆ ಒಯ್ದರು. ಡಾಕ್ಟರಮ್ಮ ಪಟ್ಟಿ ಬಿಚ್ಚಿ, ದೀಪ ಹಿಡಿಸಿ ನೋಡಿದರು. ಹೊಲಿಗೆ ಬಿಟ್ಟು ಒಳಗಿನ ಕರಿಪದರ ಗಾಯದಲ್ಲಿ ಇಣುಕುತ್ತಿತ್ತು. ಮತ್ತೆ ಹೊಲಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅದು ಮುಗಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ‘ಈಕೆ ಯಾಕಿಷ್ಟು ನಿಶ್ಶಕ್ತಳಾಗಿದ್ದಾಳೆ?’

ಮಗಳು ಹೇಳಿದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಎರಡು ರಾತ್ರಿ ಒಂದು ಹಗಲು ಏನೂ ತಿಂದಿಲ್ಲ, ನೀವೇ ಬೇಡ ಅಂದಿರಿ ಎಂದೆ.

‘ನಾನು ಹಾಗೆ ಹೇಳಲೇ ಇಲ್ಲ’ ಎಂದರು ಅವರು. ದನಿ ಎತ್ತರಿಸಲಿಲ್ಲ. ಆದರೆ ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಇಂಗ್ಲಿಷ್ ಬಾರದವರಿಗೂ ಅದು ಅರ್ಥವಾಗಿತ್ತು.

ಸುಳ್ಳುಗಾರನಾದೆ ಎಂಬ ಅವಮಾನ ಒಂದು ಕಡೆ, ನಾನು ಹೇಳಿದ್ದು ಸರಿಯಾಗಿತ್ತು ಎಂಬ ಖಾತ್ರಿ ಇನ್ನೊಂದು ಕಡೆ. ಜೇಬಿನಿಂದ ನೋಟ್‌ಬುಕ್ ತೆಗೆದು ಮೂರನೆಯ ದಿನದ ಪುಟ ತೋರಿಸಿದೆ. ವಾಕ್ಯ ಅಲ್ಲೇ ಇತ್ತು. ಅವರು ಕನ್ನಡಕ ಹಾಕಿಕೊಂಡು ಓದಿದರು. ತುಟಿ ಆಡಿಸುತ್ತ ಇನ್ನೊಮ್ಮೆ ಓದಿದರು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು.

‘ಈ ಮಾತು ನಾನು ಆಡಿದ್ದು ನಿಜ. ಆದರೆ ಇದಲ್ಲ ನಾನು ಹೇಳಿದ್ದು’ ಎಂದರು. ಇದೇನು ಮಾತು ಎಂದು ನನಗೆ ಸಿಟ್ಟೇ ಬಂತು.

ಅವರು ವಾಕ್ಯವನ್ನು ಒಂದು ಸಲ ಹೇಳಿದರು. ಇನ್ನೊಂದು ಸಲ ಹೇಳಿದರು. ಮೊದಲನೆಯದಕ್ಕೆ ‘ಏನೂ ತಿನ್ನಬಾರದು’ ಎಂಬ ಅರ್ಥವಂತೆ. ಎರಡನೆಯದಕ್ಕೆ ‘ಸಿಕ್ಕಿದ್ದೆಲ್ಲ ತಿನ್ನಬಾರದು, ಮೆತ್ತಗಿನದು ತಿನ್ನಬಹುದು’ ಎಂಬ ಅರ್ಥವಂತೆ. ‘ಈಗ ಗೊತ್ತಾಯಿತೆ?’ ಎಂದರು. ನನಗೆ ಗೊತ್ತಾಗಲಿಲ್ಲ. ಅದೇ ನಾಲ್ಕು ಪದ, ಅದೇ ಕ್ರಮ. ಮತ್ತೆ ಹೇಳಿ ಯಾವುದು ಯಾವುದೆಂದು ಕೇಳಿದರು. ನಾನು ಊಹೆಯ ಮೇಲೆ ಉತ್ತರ ಕೊಟ್ಟೆ. ಮೂರು ಸಲಕ್ಕೆ ಎರಡು ಸಲ ತಪ್ಪಿತು. ಎಂಟು ವರ್ಷ ಆ ಭಾಷೆಯನ್ನು ಪಾಠ ಮಾಡಿದವನು ಮೊದಲ ಬೆಂಚಿನಲ್ಲಿ ನಿಂತು ಪೆಚ್ಚಾದ ಹುಡುಗನ ಹಾಗೆ ನಿಂತಿದ್ದೆ.

ಮೂಲೆಯಲ್ಲಿ ಬೇಸಿನ್‌ನಲ್ಲಿ ಚಿಮಟ ತೊಳೆಯುತ್ತಿದ್ದ ಕಾಂಪೌಂಡರು ತಲೆ ಎತ್ತಿದರು. ‘ಎರಡೂ ಒಂದೇ ಅಲ್ಲ ರೀ ಮೇಷ್ಟ್ರೇ.’

‘ನಿಮಗೆ ಇಂಗ್ಲಿಷ್ ಬರುತ್ತೇನ್ರಿ?’ ಎಂದೆ. ದನಿಯಲ್ಲಿ ಕಹಿ ಇತ್ತು, ಒಪ್ಪಿಕೊಳ್ಳುತ್ತೇನೆ.

‘ಬರಂಗಿಲ್ಲ. ಅದಕ್ಕೇ ಕೇಳಿಸ್ತೈತೆ. ಮೊದಲನೇದು ಕದ ಹಾಕ್ಕೊಂಡಂಗೈತೆ. ಎರಡನೇದು ತುದೀಗೆ ಬಂದು ಮತ್ತೆ ಮೇಲಕ್ಕೆದ್ದೈತೆ. ಇನ್ನೂ ಏನೋ ಹೇಳೋದೈತೆ ಅವ್ರಿಗೆ, ಹೇಳಿಲ್ಲ ಅಷ್ಟೆ.’

ನಾನು ಅದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಇನ್ನೂ ನಾಲ್ಕು ಸಲ, ಹಿಂದೆ ಮುಂದೆ ಮಾಡಿ ಹೇಳಿದರು. ಕಾಂಪೌಂಡರು ನಾಲ್ಕೂ ಸಲ ಸರಿಯಾಗಿ ಗುರುತಿಸಿದರು. ‘ಭಾಷೆ ಬರದೋನು ದನಿ ನೋಡ್ಕೊಂಡೇ ಬದುಕಬೇಕಲ್ರೀ. ಈಯಮ್ಮ ಕತ್ತರಿ ಕೇಳೋದೂ ಅದೇ ಮಾತಿನಾಗೆ, ಕತ್ತರಿ ಸರಿಯಿಲ್ಲ ಅಂತ ಬೈಯೋದೂ ಅದೇ ಮಾತಿನಾಗೆ’ ಎಂದರು. ಇನ್ನೊಂದು ಮಾತೂ ಸೇರಿಸಿದರು: ‘ಅಜ್ಜಿಗೆ ಏನೂ ಕೊಡಬಾರದು ಅಂದಾಗ ನಂಗೂ ಅನುಮಾನ ಬಂದಿತ್ತು. ಇಂಗ್ಲಿಷ್ ತಿಳಿದೋರು ಹೇಳ್ಯಾರೆ ಅಂತ ಸುಮ್ಮನಾದೆ.’

ಆವತ್ತು ಮಧ್ಯಾಹ್ನ ನಾನು ರಾಜೀನಾಮೆ ಕೊಡುವಂತೆ ನಿಂತು, ಬೇರೆ ಯಾರನ್ನಾದರೂ ಕರೆಸಿಕೊಳ್ಳಿ ಎಂದೆ. ಡಾಕ್ಟರಮ್ಮ, ‘ಬೇರೆಯವರು ಬಂದರೂ ಇದೇ ಕಿವಿ ತರುತ್ತಾರೆ. ನಿಮಗಾದರೂ ಈಗ ಒಂದು ವಿಷಯ ಗೊತ್ತಿದೆ’ ಎಂದರು. ಅದು ಬೈಗುಳವೋ ಭರವಸೆಯೋ ತಿಳಿಯಲಿಲ್ಲ. ಉಳಿದೆ. ಅಜ್ಜಿಯನ್ನು ಅಲ್ಲಿನ ಆಸ್ಪತ್ರೆಗೆ ಒಪ್ಪಿಸಿ ಹೊನ್ನಾಳಿಗೆ ಹೊರಟೆವು. ಕಣ್ಣು ಉಳಿಯಿತೋ ಇಲ್ಲವೋ ಪಟ್ಟಿ ತೆಗೆದ ಮೇಲೆಯೇ ಗೊತ್ತಾಗುವುದಿತ್ತು.

ಹೊನ್ನಾಳಿಯಲ್ಲಿ ಹೊಸ ಕ್ರಮ ಮಾಡಿಕೊಂಡೆವು. ಸುತ್ತಿನಲ್ಲಿ ಕಾಂಪೌಂಡರು ನನ್ನ ಪಕ್ಕದಲ್ಲೇ ನಿಲ್ಲಬೇಕು. ನಾನು ಪದಗಳನ್ನು ಕೇಳಬೇಕು, ಅವರು ದನಿಯನ್ನು ಕೇಳಬೇಕು. ದನಿ ಬಿದ್ದು ಮೇಲೆದ್ದರೆ ಅವರು ತೋರುಬೆರಳು ಎತ್ತುತ್ತಾರೆ. ಬೆರಳು ಎದ್ದರೆ ನಾನು ಕನ್ನಡಕ್ಕೆ ತಿರುಗಿಸುವ ಮೊದಲು ‘ಬಟ್, ಮೇಡಂ?’ ಎಂದು ಕೇಳಬೇಕು. ಮೊದಲ ಸುತ್ತಿನಲ್ಲೇ ಮೂರು ಸಲ ಬೆರಳು ಎದ್ದಿತು. ‘ನಾಳೆ ಮನೆಗೆ ಹೋಗಬಹುದು’ ಎಂದದ್ದರ ಹಿಂದೆ ‘ಯಾರಾದರೂ ಹನಿ ಹಾಕುವವರಿದ್ದರೆ’ ಎಂಬುದಿತ್ತು. ‘ಎರಡೂ ಕಣ್ಣಿಗೆ ಮಾಡಲಾರೆ’ ಎಂದದ್ದರ ಹಿಂದೆ ‘ಒಂದಕ್ಕೆ ಮಾಡುತ್ತೇನೆ’ ಎಂಬುದಿತ್ತು. ಹಿಂದಿನ ವಾರ ಇಂಥವನ್ನು ಎಷ್ಟು ನುಂಗಿದ್ದೆನೋ ಎಂದು ಹೆದರಿದೆ.

ಹಾಗೆಂದು ಗೊಂದಲ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಈಗ ನನಗೆ ಎಲ್ಲ ಕಡೆಯೂ ಏರಿಳಿತ ಕೇಳಿಸತೊಡಗಿತು. ಚಹಾ ಚೆನ್ನಾಗಿದೆ ಎಂದರೂ ‘ಬಟ್, ಮೇಡಂ?’ ಒಬ್ಬ ರೋಗಿಯ ಬಗ್ಗೆ ಅವರು ಗುಣವಾಗಿದೆ ಎಂದು ಮೂರು ಸಲ ಹೇಳಿದರೂ ನಾನು ಬಿಡದೆ ಕೇಳಿದ್ದಕ್ಕೆ ಆ ಮನುಷ್ಯ ತನಗೇನೋ ದೊಡ್ಡ ರೋಗವೇ ಇದೆಯೆಂದು ಅಳತೊಡಗಿದ. ನೋಟ್‌ಬುಕ್ಕಿನಲ್ಲಿ ಪದಗಳ ಮೇಲೆ ಗೆರೆ ಎಳೆದುಕೊಂಡೆ. ಇಳಿದಾಗ ಇಳಿಗೆರೆ, ಏರಿದಾಗ ಏರುಗೆರೆ. ಸಂಜೆ ನೋಡಿದರೆ ಅವು ಹುಳು ಹರಿದ ಗುರುತಿನ ಹಾಗೆ ಕಾಣುತ್ತಿದ್ದವು, ಒಂದನ್ನೂ ಓದಲಾಗುತ್ತಿರಲಿಲ್ಲ.

ಯೋಚಿಸಿದಷ್ಟೂ ಒಂದು ವಿಷಯ ಮಾತ್ರ ಸ್ವಲ್ಪ ತಿಳಿಯಾಯಿತು. ನಾವು ಬಂದನೇ, ಬಂದನೋ, ಬಂದನಲ್ಲ, ಬಂದಾನು ಎನ್ನುತ್ತೇವೆ. ಅನುಮಾನ, ಪ್ರಶ್ನೆ, ಆಶ್ಚರ್ಯ ಎಲ್ಲವನ್ನೂ ಪದದ ತುದಿಗೆ ಗಂಟು ಹಾಕಿ ಕೊಡುತ್ತೇವೆ. ಬರೆದರೂ ಅದು ಉಳಿಯುತ್ತದೆ. ‘ಏನೂ’ ಬೇರೆ, ‘ಏನಾದರೂ’ ಬೇರೆ, ‘ಸಿಕ್ಕಿದ್ದೆಲ್ಲ’ ಬೇರೆ. ಡಾಕ್ಟರಮ್ಮನ ಭಾಷೆಯಲ್ಲಿ ಆ ಗಂಟುಗಳಲ್ಲಿ ಎಷ್ಟೋ ದನಿಯಲ್ಲೇ ಇದ್ದವು. ಬರೆದುಕೊಂಡ ಕೂಡಲೇ ಬಿದ್ದುಹೋಗುತ್ತಿದ್ದವು. ನಾನು ಎಂಟು ವರ್ಷ ಪಾಠ ಮಾಡಿದ್ದು ಗಂಟು ಬಿಚ್ಚಿಹೋದ ಇಂಗ್ಲಿಷನ್ನು. ಇದನ್ನು ಕಾಂಪೌಂಡರಿಗೆ ವಿವರಿಸಿದಾಗ ಅವರು, ‘ನಮ್ಮಾಗೂ ದನಿ ಐತೆ ಬಿಡ್ರಿ. ನಮ್ಮನೆಯಾಕಿ ಹೂಂ ಅಂದ್ರೆ ಒಂದೊಂದು ಹೂಂಗೆ ಒಂದೊಂದು ಅರ್ಥ’ ಎಂದರು. ತಿಳಿಯಾಗಿದ್ದು ಮತ್ತೆ ಕದಡಿತು.

ಮೂರನೆಯ ವಾರ ನ್ಯಾಮತಿ. ಆಗ ಅದಿನ್ನೂ ಹೊನ್ನಾಳಿ ತಾಲೂಕಿಗೇ ಸೇರಿದ ಊರು. ನಡುವೆ ಆಪರೇಷನ್ ಇಲ್ಲದ ಒಂದು ದಿನ ಬಿಡುವು ಕೇಳಿಕೊಂಡು, ಎರಡು ಬಸ್ ಬದಲಿಸಿ ಚನ್ನಗಿರಿಗೆ ಹೋದೆ. ಅಜ್ಜಿಗೆ ಹಿಂದಿನ ದಿನವಷ್ಟೇ ಪಟ್ಟಿ ತೆಗೆದಿದ್ದರು. ಆಸ್ಪತ್ರೆಯ ಜಗುಲಿಯ ಮೇಲೆ ಕಣ್ಣಿಗೆ ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ಕೂತಿದ್ದರು. ಆ ಕಣ್ಣಿನಲ್ಲಿ ಆಳು ಕಾಣುತ್ತದೆ, ಮಗಳ ಮುಖ ಗುರುತಾಗುತ್ತದೆ, ಆದರೆ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ದೃಷ್ಟಿ ಬರುವುದಿಲ್ಲ ಎಂದು ಅಲ್ಲಿನ ವೈದ್ಯರು ಹೇಳಿದರು. ಬಿದ್ದದ್ದರಿಂದ ಆದ ನಷ್ಟ ಅದು.

ನಾನು ಎದುರಿಗೆ ಕೂತು ಹೇಳಿದೆ. ಡಾಕ್ಟರಮ್ಮ ಹೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು, ತಪ್ಪು ನನ್ನದು ಎಂದೆ. ದನಿ ಏರಿಳಿತದ ವಿಚಾರವನ್ನೂ ಬಿಡಿಸಿ ಹೇಳಲು ಹೊರಟೆ. ಮಗಳು ನೆಲ ನೋಡುತ್ತ, ‘ನಾನೇ ಅಲ್ಲೇನ್ರಿ ಗಂಜಿ ಬ್ಯಾಡ ಅಂತ ತಳ್ಳಿದ್ದು’ ಎಂದು ಕಣ್ಣೊರೆಸಿಕೊಂಡಳು.

ಅಜ್ಜಿ ಅರ್ಧಕ್ಕೇ ನನ್ನನ್ನು ತಡೆದರು. ‘ಅದೆಲ್ಲ ನಂಗೆ ತಿಳಿಯಂಗಿಲ್ಲ ತಮ್ಮಾ. ನಾನು ಹಸಿವು ಹಸಿವು ಅಂತ ಎಷ್ಟು ಸಲ ಅಂದೆ. ಎಲ್ರಿಗೂ ಕೇಳಿಸ್ತು. ಅದನ್ನ ಯಾರೂ ಇಂಗ್ಲಿಷಿಗೆ ಮಾಡ್ಲಿಲ್ಲ.’

ಬೈಯಲಿಲ್ಲ, ಅಳಲಿಲ್ಲ. ಇದ್ದದ್ದನ್ನು ಹೇಳಿದಂತೆ ಹೇಳಿದರು. ಹದಿನೈದು ದಿನದಿಂದ ಡಾಕ್ಟರಮ್ಮನ ದನಿಯನ್ನೇ ಹಿಡಿದು ಜಗ್ಗಾಡುತ್ತಿದ್ದೆ. ಹಾಸಿಗೆಯ ಮೇಲಿನವರ ದನಿ ನನ್ನ ಕೆಲಸಕ್ಕೆ ಸೇರಿದ್ದೆಂದು ಒಂದು ಸಲವೂ ಅನ್ನಿಸಿರಲಿಲ್ಲ. ಅವರು ಕೇಳಿದ ಪ್ರಶ್ನೆಗಳನ್ನು ತಿರುಗಿಸುತ್ತಿದ್ದೆ. ನರಳಿಕೆ, ಗೊಣಗಾಟಗಳನ್ನು ಬಿಟ್ಟುಬಿಡುತ್ತಿದ್ದೆ, ಪರೀಕ್ಷೆಗೆ ಬಾರದ ಪಾಠ ಬಿಟ್ಟಂತೆ. ವಾಪಸು ಬರುವ ಬಸ್ಸಿನಲ್ಲಿ ನಿರ್ಧಾರ ಮಾಡಿದೆ: ಇನ್ನು ಮೇಲೆ ರೋಗಿ ಆಡಿದ ಪ್ರತಿ ಮಾತೂ ಹೋಗಬೇಕು. ಅದನ್ನು ಹೇಗೆ ಆಡಿದರು ಎಂಬುದನ್ನೂ ಹೇಳಬೇಕು. ಡಾಕ್ಟರಮ್ಮ ಬೇಸರಪಟ್ಟರೂ ಸರಿ.

ಜಗಳೂರಿನಲ್ಲಿ ಜನ ಹೆಚ್ಚು. ಎರಡನೆಯ ದಿನ ಬಿಳಿಚೋಡಿನ ಒಬ್ಬ ಕುರಿಗಾಹಿ ಬಂದ. ಐವತ್ತರ ಮನುಷ್ಯ, ಹೆಗಲ ಮೇಲೆ ಕರಿ ಕಂಬಳಿ. ಎಡಗಣ್ಣು ಪೂರ್ತಿ ಬೆಳ್ಳಗಾಗಿತ್ತು. ಕುರಿಗಳನ್ನು ಭಾಮೈದನಿಗೆ ಒಪ್ಪಿಸಿ, ಏಳು ದಿನ ಮಲಗಲು ತಯಾರಾಗಿಯೇ ಬಂದಿದ್ದ. ಕಾಂಪೌಂಡರು ಆಗ ಒಳಗೆ ಸ್ಟೋವಿನ ಬಳಿ ಇದ್ದರು. ಡಾಕ್ಟರಮ್ಮ ಬಲಗಣ್ಣು ಮುಚ್ಚಿಸಿ, ಎಡಗಣ್ಣಿಗೆ ನಾಲ್ಕು ದಿಕ್ಕಿನಿಂದ ಟಾರ್ಚ್ ಬಿಟ್ಟು, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಿಸಿದರು. ಅವನು ಒಮ್ಮೆ ಮೇಲೆ ಅಂದ, ಒಮ್ಮೆ ಪಕ್ಕಕ್ಕೆ ಅಂದ. ಟಾರ್ಚ್ ಆರಿಸಿದಾಗಲೂ ಮೇಲೆ ಅಂದ.

ಡಾಕ್ಟರಮ್ಮ ಟಾರ್ಚ್ ಕೆಳಗಿಟ್ಟು, ‘ಐ ಕೆನ್ ಟೇಕ್ ಇಟ್ ಔಟ್’ ಎಂದರು.

ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಹಿಂದಿನ ನಾನಾಗಿದ್ದರೆ, ‘ತೆಗೀತಾರಂತೆ’ ಎಂದುಬಿಡುತ್ತಿದ್ದೆ. ದನಿ ತುದಿಯಲ್ಲಿ ಎದ್ದಿತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಬೆರಳು ಎತ್ತುವವರು ಪಕ್ಕದಲ್ಲಿಲ್ಲ. ಆದರೂ ಕೇಳಿದೆ: ‘ಬಟ್, ಮೇಡಂ?’

‘ಆದರೆ ಅವನಿಗೆ ಏನೂ ಕಾಣುವುದಿಲ್ಲ’ ಎಂದರು ಅವರು. ‘ಪೊರೆ ಹೊರಬರುತ್ತದೆ. ಅದರ ಹಿಂದಿನ ಕಣ್ಣು ಎಂದೋ ಸತ್ತಿದೆ.’

ಕುರಿಗಾಹಿಗೆ ಹಾಗೇ ಹೇಳಿದೆ. ಅವನು ಕಂಬಳಿಯನ್ನು ಹೆಗಲಿಗೆ ಸರಿಮಾಡಿಕೊಂಡ. ‘ಮೊದ್ಲೇ ಹೇಳಿದ್ರಲ್ಲ, ಒಳ್ಳೇದಾತು’ ಎಂದು ಎದ್ದ. ಬಾಗಿಲ ಹತ್ತಿರ ನಿಂತು, ಯಾರಿಗೂ ಅಲ್ಲವೆಂಬಂತೆ ಅಂದ: ‘ಇದಕ್ಕೂ ಹಿಂಗೇ ಸುರುವಾಗಿತ್ತು, ದೀಪದ ಸುತ್ತ ಬಣ್ಣ ಬಣ್ಣ ಕಾಣಾಕೆ.’

ಅದು ಪ್ರಶ್ನೆಯಾಗಿರಲಿಲ್ಲ. ಅವನು ಹೊರಟೂ ಆಗಿತ್ತು, ಮುಂದಿನ ರೋಗಿ ಸ್ಟೂಲಿನ ಮೇಲೆ ಕೂತೂ ಆಗಿತ್ತು. ಆದರೆ ‘ಇದಕ್ಕೂ’ ಎಂದ ಆ ‘ಊ’ ನನ್ನನ್ನು ಹಿಡಿದು ನಿಲ್ಲಿಸಿತು. ನಾನು ಅವನನ್ನು ತಡೆದು ಡಾಕ್ಟರಮ್ಮನಿಗೆ ಹೇಳಿದೆ: ‘ಈತ ಎಡಗಣ್ಣಿನ ಮಾತಾಡುತ್ತಿದ್ದಾನೆ, ಆದರೆ ಬಲಗಣ್ಣಿನ ಬಗ್ಗೆ ಹೆದರಿದ್ದಾನೆ ಅನ್ನಿಸುತ್ತದೆ. ಈಗ ಬಲಗಣ್ಣಿನಲ್ಲೂ ದೀಪದ ಸುತ್ತ ಬಣ್ಣ ಕಾಣುತ್ತಿರಬೇಕು.’

ಕೇಳಿದರೆ ಹೌದು, ಮಳೆಗಾಲದಿಂದ ಹಾಗೆಯೇ ಅಂತೆ. ಡಾಕ್ಟರಮ್ಮ ಅವನನ್ನು ಮತ್ತೆ ಕೂರಿಸಿದರು. ರೆಪ್ಪೆಯ ಮೇಲಿನಿಂದ ಬೆರಳಲ್ಲಿ ಒತ್ತಿ ನೋಡಿದರು, ಕಾಂಪೌಂಡರನ್ನು ಕೂಗಿ ಒತ್ತಡ ಅಳೆಯುವ ಸಣ್ಣ ಉಪಕರಣ ತರಿಸಿದರು. ಬಲಗಣ್ಣಿನ ಒಳಗಿನ ಒತ್ತಡ ಏರಿತ್ತು. ಎಡಗಣ್ಣನ್ನು ತಿಂದ ರೋಗವೇ ಬಲಗಣ್ಣಿಗೂ ಬಂದಿತ್ತು, ಆದರೆ ತಡವಾಗಿರಲಿಲ್ಲ. ಹನಿ ಔಷಧ ಕೊಟ್ಟರು. ದಿನಕ್ಕೆ ನಾಲ್ಕು ಸಲ, ಬದುಕಿರುವವರೆಗೂ ಎಂದರು. ಈ ಸಲ ನಾನು ಹೇಳಿ ಸುಮ್ಮನಾಗದೆ ಅವನ ಬಾಯಿಂದಲೇ ಹೇಳಿಸಿದೆ. ‘ಕಾಣ್ತೈತೆ ಅಂತ ಬಿಡಬಾರ್ದು, ಕಾಣ್ಲಿ ಅಂತ ಹಾಕ್ಕೊಬೇಕು, ಅಷ್ಟೇ ತಾನೇ?’ ಎಂದ. ಅವನ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು.

ಶಿಬಿರ ಮುಗಿದ ದಿನ ಜೀಪಿಗೆ ಪೆಟ್ಟಿಗೆ ಏರಿಸಿದರು. ಕಾಂಪೌಂಡರು ಮೇಲೆ ಹತ್ತಿ ಹಗ್ಗ ಬಿಗಿಯುತ್ತಿದ್ದರು. ಡಾಕ್ಟರಮ್ಮ ನನ್ನ ಬಳಿ ಬಂದು ಕೈ ಕುಲುಕಿದರು. ‘ಯು ಹ್ಯಾವ್ ಬೀನ್ ಅ ಗುಡ್ ಇಂಟರ್‌ಪ್ರಿಟರ್’ ಎಂದರು.

ನಾನು ಕಿವಿ ನೆಟ್ಟಗೆ ಮಾಡಿಕೊಂಡೇ ಕೇಳಿದ್ದೆ. ದನಿ ಇಳಿದಂತೆಯೂ ಕೇಳಿತು, ಕೊನೆಗೆ ಎದ್ದಂತೆಯೂ ಕೇಳಿತು. ಉಬ್ರಾಣಿಯ ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ಕೇಳಲೋ ಬೇಡವೋ ಎಂದು ತಡವರಿಸಿ ಕೊನೆಗೂ ಕೇಳಿದೆ.

‘ಬಟ್, ಮೇಡಂ?’

‘ಇಲ್ಲ, ಬಟ್ ಇಲ್ಲ. ಅದು ಪೂರ್ತಿ ವಾಕ್ಯ’ ಎಂದು ಅವರು ಜೀಪು ಹತ್ತಿದರು.